ಐದನೇ ದಿನದ ಮುಳ್ಳು

ಕುಣಿಗಲ್ ಸಭೆಯ ಪಾಲಿಗೆ ಐದನೇ ದಿನ ಬಂತು ಅಂತ ಚೀಟಿ ಬಿಚ್ಚಿ ಓದಿದ್ದೇ ತಡ, ಸುಗುಣಾವತಿ ಕುರ್ಚಿ ಬಿಟ್ಟು ಎದ್ದು ನಿಂತಳು. ಕಮಿಟಿ ಮೀಟಿಂಗಿನಲ್ಲಿ ಹೆಂಗಸರು ಹಾಗೆಲ್ಲ ಎದ್ದು ನಿಲ್ಲುವ ರೂಢಿಯಿಲ್ಲ. ಹಿಂದೆ ಕೂತಿದ್ದ ಗುಬ್ಬಿ ಸಭೆಯವರು, ಪಾಪ, ಈಯಮ್ಮನಿಗೆ ಏನೋ ಕಚ್ಚಿರಬೇಕು ಅಂದುಕೊಂಡರು.

ಅದು ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆ. ತುಮಕೂರಿನ ಚರ್ಚಿನ ಕಾಂಪೌಂಡಿನಲ್ಲಿ ಮೇ ತಿಂಗಳ ಕೊನೆಗೆ ಸೃಷ್ಟಿ ಪ್ರದರ್ಶನ ನಡೆಸುವುದೆಂದು ಗೊತ್ತಾಗಿತ್ತು. ದೇವರು ಆರು ದಿನಗಳಲ್ಲಿ ಲೋಕವನ್ನು ಉಂಟುಮಾಡಿದನಲ್ಲ, ಅದರಲ್ಲಿ ಒಂದೊಂದು ದಿನವನ್ನು ಒಂದೊಂದು ಊರಿನ ಸಂಡೇ ಸ್ಕೂಲಿನ ಮಕ್ಕಳು ಮಾಡಿ ತೋರಿಸಬೇಕು. ಚೆನ್ನಾಗಿ ಮಾಡಿದವರಿಗೆ ಶೀಲ್ಡು. ಮೊದಲನೇ ದಿನ ಪಾಲಿಗೆ ಬಂದವರು ಪಾರಾದರು, ಒಂದು ಬಲ್ಬು ಹೊತ್ತಿಸಿದರೆ ಬೆಳಕಾಯಿತು. ಗುಬ್ಬಿಯವರಿಗೆ ಆರನೇ ದಿನ, ಅಂದರೆ ದನಕರು, ಆನೆ, ಆದಾಮ. ಐದನೇ ದಿನ ಮೀನು ಮತ್ತು ಹಕ್ಕಿ. ಹನ್ನೊಂದು ಮನೆ, ಒಂಬತ್ತು ಮಕ್ಕಳಿರುವ ಕುಣಿಗಲ್ ಸಭೆಯಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ.

"ಪಾಪ, ಎರಡು ಗಿಣಿ ಮಾಡಿ ತನ್ನಿ ಸಾಕು," ಅಂದರು ಗುಬ್ಬಿಯವರು.

"ಗಿಣಿ ಯಾಕೆ? ವಿಷದ ಮೀನು ಮಾಡ್ತೀವಿ. ಸಮುದ್ರದಲ್ಲಿ ಎಷ್ಟು ಥರ ವಿಷ ಇದೆಯೋ ಅಷ್ಟೂ," ಅಂದಳು ಸುಗುಣಾವತಿ.

ಇವಳಿಗೆ ಯಾಕೆ ಅಷ್ಟು ಉಮೇದು ಅಂತ ಆ ಮೀಟಿಂಗಿನಲ್ಲಿ ಯಾರಿಗೂ ತಿಳಿಯಲಿಲ್ಲ. ನಮಗೆ ತಿಳಿದಿರಲಿ.

ಸುಗುಣಾವತಿ ಅಮೃತೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರು. ವಾರದಲ್ಲಿ ಐದೂವರೆ ದಿನ ಜೀವವಿಕಾಸದ ಪಾಠ, ಕೋಟಿಗಟ್ಟಲೆ ವರ್ಷಗಳ ಲೆಕ್ಕ. ಭಾನುವಾರ ಬೆಳಿಗ್ಗೆ ಕುಣಿಗಲ್ಲಿನಲ್ಲಿ ಆರೇ ದಿನದ ಪಾಠ. ಇದು ಹೇಗಮ್ಮ ಅಂತ ಯಾರಾದರೂ ಕೆಣಕಿದರೆ, "ಅದು ಸಿಲಬಸ್ಸು, ಇದು ನಂಬಿಕೆ," ಅಂದು ಮುಂದೆ ಹೋಗುತ್ತಿದ್ದಳು. ಕೋಟಿ ವರ್ಷ ಅವಳನ್ನು ಎಂದೂ ಕಾಡಿದ್ದಿಲ್ಲ. ಕಾಡಿದ್ದು ಬೇರೆ.

ಎಂಟು ವರ್ಷದ ಹಿಂದೆ ಗುಬ್ಬಿಯ ತವರುಮನೆಯಲ್ಲಿ, ಅವಳ ಒಬ್ಬನೇ ಮಗ ಸುಜಿತನಿಗೆ ಚೇಳು ಕಡಿಯಿತು. ನಾಲ್ಕು ವರ್ಷದ ಮಗು, ಸೌದೆ ಮರೆಯಲ್ಲಿ ಉರುಳಿದ ಚೆಂಡು ತರಲು ಕೈ ಹಾಕಿದ್ದ. ಕೆಂಪು ಚೇಳು. ಸಂಜೆಯೊಳಗೆ ಮಗು ಹೋಯಿತು. ಬಂದವರೆಲ್ಲ ದೇವರ ಚಿತ್ತ ಅಂದರು. ಅವತ್ತಿನಿಂದ ಮನೆಯಲ್ಲಿ ಗಂಡನಾಗಲಿ ಅವಳಾಗಲಿ ಆ ಹುಳುವಿನ ಹೆಸರೆತ್ತಲಿಲ್ಲ. ಮಗುವಿನ ಹೆಸರೂ ಅದರ ಜೊತೆಯಲ್ಲೇ ಹೋಯಿತು. ಅವಳು ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ, ಕೀರ್ತನೆ ಹಾಡುವುದನ್ನು ಬಿಡಲಿಲ್ಲ. ಆದರೆ ಒಂದು ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ದೇವರೇ, ಅದನ್ನು ಮಾಡಿದವನು ನೀನೇನಾ? ಹೌದು ಅಂದುಬಿಟ್ಟರೆ ಅವನ ಮುಂದೆ ಹಾಡುವುದು ಹೇಗೆ ಎಂಬ ಹೆದರಿಕೆಗೆ ಅವಳು ಕೇಳಿಯೇ ಇರಲಿಲ್ಲ.

ಹಾಗಿರುವಾಗ ಹಿಂದಿನ ವರ್ಷ ಬೆಂಗಳೂರಿನ ಕೂಟವೊಂದರಲ್ಲಿ ಅವಳಿಗೆ ನಲವತ್ತು ಪುಟದ ಇಂಗ್ಲಿಷ್ ಪುಸ್ತಿಕೆಯೊಂದು ಸಿಕ್ಕಿತು. ತುಂಬ ಬಣ್ಣದ ಚಿತ್ರಗಳು. ಕಲ್ಲಿನ ಹಾಗೆ ಬಿದ್ದಿರುವ ಕಲ್ಲುಮೀನು, ಸೀರೆ ನೆರಿಗೆಯ ಹಾಗೆ ರೆಕ್ಕೆ ಬಿಚ್ಚಿದ ಸಿಂಹಮೀನು, ಗಾಜಿನಂಥ ಜೆಲ್ಲಿ ಮೀನು, ಬಾಯಿಂದ ಈಟಿ ಎಸೆಯುವ ಬಸವನಹುಳು. ಎಲ್ಲವೂ ಮುಟ್ಟಿದವರ ಪ್ರಾಣಕ್ಕೆ ಸಂಚಕಾರ. ಆದರೆ ಪುಸ್ತಿಕೆಯ ವಾದ ಏನೆಂದರೆ, ಆದಿಯಲ್ಲಿ ಇವು ಯಾವುವೂ ಹೀಗಿರಲಿಲ್ಲ. ದೇವರು ಉಂಟುಮಾಡಿದ್ದೆಲ್ಲ ಒಳ್ಳೆಯದೇ ಆಗಿತ್ತು. ಮನುಷ್ಯ ಆಜ್ಞೆ ಮೀರಿದ ಮೇಲೆ ಸೃಷ್ಟಿಯೇ ಕೆಟ್ಟಿತು, ದಾರಿತಪ್ಪಿದ ಜೀರ್ಣರಸವೇ ವಿಷವಾಯಿತು.

ಅವಳು ಒಲೆಯ ಮುಂದೆ ನಿಂತು ಓದುತ್ತಿದ್ದಾಗ ಕುಕ್ಕರು ಹನ್ನೊಂದು ಸಲ ಕೂಗಿತು. ಬೇಳೆ ತಳ ಹತ್ತಿತು. ಅವನು ಮಾಡಿದ್ದಲ್ಲ, ಅವನು ಮಾಡಿದ್ದಲ್ಲ ಅಂದುಕೊಳ್ಳುತ್ತಾ ಅವಳು ಅಡಿಗೆಮನೆಯಲ್ಲೇ ಕೂತು ಅತ್ತಳು. ಎಂಟು ವರ್ಷದಲ್ಲಿ ಸಮಾಧಾನದಿಂದ ಅತ್ತದ್ದು ಅದೇ ಮೊದಲು.

ಈಗ ಐದನೇ ದಿನ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಅವಳಿಗೆ ಬೇಕಿದ್ದದ್ದು ಶೀಲ್ಡಲ್ಲ. ಮೂರು ತಾಲ್ಲೂಕಿನ ಜನರ ಮುಂದೆ ನಿಂತು, ವಿಷ ದೇವರು ಮಾಡಿದ್ದಲ್ಲ ಅಂತ ಗಟ್ಟಿಯಾಗಿ ಹೇಳಬೇಕು. ಅಷ್ಟು ಜನ ಹೌದು ಅಂತ ತಲೆಯಾಡಿಸಿದರೆ, ಒಳಗೆ ಇನ್ನೂ ಅಲ್ಲಾಡುತ್ತಿದ್ದ ನಂಬಿಕೆಯೂ ನಿಂತೀತು ಎಂಬ ಆಸೆ.

ಮೇ ತಿಂಗಳು ಪೂರ್ತಿ ಮನೆ ಮನೆಯಾಗಿ ಉಳಿಯಲಿಲ್ಲ. ತೆಂಗಿನ ಸೀಮೆಯ ಜನ ಸಮುದ್ರ ಮಾಡಲು ಹೊರಟರೆ ಸಮುದ್ರವೆಲ್ಲ ತೆಂಗಿನದೇ ಆಗುತ್ತದೆ. ಕಾಯಿ ಸಿಪ್ಪೆಗೆ ಸಗಣಿಬಣ್ಣ ಬಳಿದು ಕಲ್ಲುಮೀನು. ಅದರ ಬೆನ್ನಿಗೆ ಹದಿಮೂರು ಗೋಣಿಸೂಜಿ. ಪೊರಕೆ ಕಡ್ಡಿಗೆ ಕೆಂಪು ಪೇಪರು ಅಂಟಿಸಿ ಸಿಂಹಮೀನು. ಜೆಲ್ಲಿ ಮೀನಿಗೆ ಮಾತ್ರ ಹಳೆಯ ಕೊಡೆ. ಅದಕ್ಕೆ ತೊಳೆದ ಹಾಲಿನ ಕವರುಗಳನ್ನು ಹೊಲಿದು, ಕೆಟ್ಟ ಕ್ಯಾಸೆಟ್ಟುಗಳ ಟೇಪು ಎಳೆದು ಎಳೆಎಳೆಯಾಗಿ ಇಳಿಬಿಟ್ಟರು. ಫ್ಯಾನು ಹಾಕಿದರೆ ಅದು ನಿಜವಾಗಿಯೂ ಈಜಿತು. ಒಂಬತ್ತು ಮಕ್ಕಳೂ ಕೂಗಿಕೊಂಡು ಮಂಚದ ಮೇಲೆ ಹತ್ತಿದರು. ಸುಗುಣಾವತಿ ತಾನೂ ಹತ್ತಿದಳು.

ಗಂಡ ಜಯಪಾಲ ತಾಲ್ಲೂಕು ಆಫೀಸಿನ ಗುಮಾಸ್ತ. ಮಾತು ಕಮ್ಮಿ, ಅಕ್ಷರ ಮುತ್ತು. ಎರಡು ದೊಡ್ಡ ಚಾರ್ಟು ಬರೆಯುವ ಕೆಲಸ ಅವನದು. ಅವಳು ಓಡಾಡುತ್ತಲೇ ಹೇಳಿದಳು, ಅವನು ಬರೆದ. ಎಡಗಡೆಯ ಚಾರ್ಟು: ಕಲ್ಲುಮೀನಿನ ಹದಿಮೂರು ಮುಳ್ಳು, ಒಂದೊಂದು ಮುಳ್ಳಿಗೂ ಎರಡು ಚೀಲ, ಮುಳ್ಳಿನುದ್ದಕ್ಕೂ ಸಣ್ಣ ಕಾಲುವೆ, ಇಷ್ಟು ನಾಜೂಕಿನ ಕೆಲಸ ತಾನಾಗಿ ಆದೀತೇ, ನಿರ್ಮಾಣಿಕನ ಕೈ ನೋಡಿರಿ. ಬಲಗಡೆಯ ಚಾರ್ಟು: ವಿಷ ದೇವರ ಕೆಲಸವಲ್ಲ, ಪಾಪದ ಫಲ. ಎರಡೂ ಅದೇ ಪುಸ್ತಿಕೆಯವು. ಒಂದು ಒಂಬತ್ತನೇ ಪುಟದ್ದು, ಇನ್ನೊಂದು ಇಪ್ಪತ್ತೇಳನೇ ಪುಟದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ಆ ಭರಾಟೆಯಲ್ಲಿ ಅವಳ ಕಣ್ಣಿಗೆ ಬೀಳಲಿಲ್ಲ.

ಇಷ್ಟಾದ ಮೇಲೆ ಸಭೆಯ ಪಾದ್ರಿ, ಅಯ್ಯನವರು ಸತ್ಯಪಾಲರು ಬಂದು ನೋಡಿ ಮೆಚ್ಚಿ, "ಒಂದು ಜೀವಂತ ಇದ್ದಿದ್ರೆ ಜನ ಮುಗಿಬೀಳೋರಮ್ಮ," ಅಂದುಬಿಟ್ಟರು. ಸುಗುಣಾವತಿ ಮರುದಿನವೇ ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಮೀನು ಹಿಡಿಯುವ ಚಿಕ್ಕಬೋರಯ್ಯನನ್ನು ಹುಡುಕಿಕೊಂಡು ಹೋದಳು.

"ಮುಳ್ಳಲ್ಲಿ ವಿಷ ಇರೋ ಮೀನು ಬೇಕಿತ್ತು, ಜೀವಂತ," ಅಂದಳು.

"ಚೇಳ್ ಮೀನಾ ಅಕ್ಕಯ್ಯ?"

ಅವಳು ಆ ಶಬ್ದವನ್ನು ಬಾಯಿಗೆ ತಂದುಕೊಳ್ಳದೆ ತಲೆ ಮಾತ್ರ ಆಡಿಸಿದಳು.

"ಅದ್ಕೇನು, ಬಕೇಟಲ್ಲಿ ಮೂರು ದಿನ ಬೇಕಾರೆ ಇರ್ತದೆ. ಆದ್ರೆ ನಾನೂ ಜೊತೆಗೆ ಬತ್ತೀನಿ. ನೀವ್ಗಳು ಕೈ ಇಕ್ಕುದ್ರೆ ಇಡೀ ತುಮಕೂರಿಗೆ ಕೇಳಂಗೆ ಕೂಗ್ತೀರ."

ಪ್ರದರ್ಶನದ ದಿನ ಬೆಳಿಗ್ಗೆ ಏಳರ ಪ್ರೈವೇಟ್ ಬಸ್ಸಿನಲ್ಲಿ ಕುಣಿಗಲ್ಲಿನ ಸಮುದ್ರ ಹೊರಟಿತು. ಮಕ್ಕಳ ತೊಡೆಯ ಮೇಲೆ ಬಸವನಹುಳು, ಸೀಟಿನ ಕೆಳಗೆ ಕಲ್ಲುಮೀನು, ಚಿಕ್ಕಬೋರಯ್ಯನ ಕಾಲ ನಡುವೆ ಮುಚ್ಚಿದ ಬಕೇಟು, ಮೇಲೆ ಟಾಪಿನಲ್ಲಿ ಹಗ್ಗ ಬಿಗಿದ ಜೆಲ್ಲಿ ಮೀನು. ಗೂಳೂರು ಹತ್ತಿರ ಬರುವಾಗ ಎದುರುಗಾಳಿಗೆ ಹಗ್ಗ ಸಡಿಲವಾಯಿತೋ ಏನೋ, ಕೊಡೆ ಬಿಚ್ಚಿಕೊಂಡು ಎದ್ದೇಬಿಟ್ಟಿತು. ಹಿಂದಿನ ಸೀಟಿನ ಯಶಸ್ವಿನಿ ಕಿಟಕಿಯಲ್ಲಿ ನೋಡಿ, "ಮಿಸ್, ನಮ್ ಜೆಲ್ಲಿ ಹೋಗ್ತಿದೆ," ಅಂದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸುಗುಣಾವತಿ ಕಂಡಕ್ಟರಿನ ವಿಸಿಲ್ಲನ್ನೇ ಕಿತ್ತುಕೊಂಡು ಊದಿದಳು. ಬಸ್ಸು ನಿಂತಿತು. ಜೆಲ್ಲಿ ಮೀನು ರಸ್ತೆ ಪಕ್ಕದ ತೆಂಗಿನ ಸಸಿಯ ಮೇಲೆ ಕೂತು ಟೇಪುಗಳನ್ನು ಆಡಿಸುತ್ತಿತ್ತು, ಗೂಳೂರಿನ ಮುದುಕರಿಬ್ಬರು ದೂರದಲ್ಲೇ ನಿಂತು, ಏನ್ಲಾ ಇದು ಅಂತ ಯೋಚಿಸುತ್ತಿದ್ದರು. ಎರಡು ಕಡ್ಡಿ ಮುರಿದಿದ್ದವು. ಕಂಡಕ್ಟರು ತಾನೇ ಹೋಗಿ ಬಿಡಿಸಿ, ಮಡಿಲಲ್ಲಿಟ್ಟುಕೊಂಡು ತುಮಕೂರಿನವರೆಗೆ ತಂದ.

ಹತ್ತು ಗಂಟೆಗೆ ಚರ್ಚಿನ ಕಾಂಪೌಂಡು ತುಂಬಿತು. ಮೊದಲನೇ ದಿನದ ಬಲ್ಬನ್ನು ಜನ ನೋಡಿದರು, ಮುಂದೆ ಹೋದರು. ಐದನೇ ದಿನದ ಹತ್ತಿರ ಬಂದವರು ಕದಲಲಿಲ್ಲ. ಶಾಮಿಯಾನದ ಫ್ಯಾನಿಗೆ ಜೆಲ್ಲಿ ಮೀನು ಈಜುತ್ತಿದೆ, ಎಡಗಡೆ ಯಶಸ್ವಿನಿ ಉಸಿರು ಬಿಡದೆ ಮುಳ್ಳಿನ ಲೆಕ್ಕ ಒಪ್ಪಿಸುತ್ತಿದ್ದಾಳೆ, ಬಲಗಡೆ ಅಪೇಕ್ಷಾ ಪಾಪದ ಫಲವನ್ನು ವಿವರಿಸುತ್ತಿದ್ದಾಳೆ, ಮಧ್ಯದಲ್ಲಿ ಚಿಕ್ಕಬೋರಯ್ಯ ಬಕೇಟಿನ ಮುಚ್ಚಳವನ್ನು ಅರ್ಧ ತೆಗೆದು ಅರ್ಧ ಮುಚ್ಚಿ ಜನರನ್ನು ಆಟ ಆಡಿಸುತ್ತಿದ್ದಾನೆ. ಗುಬ್ಬಿಯವರ ಆದಾಮ ಸೊಂಟಕ್ಕೆ ಎಲೆ ಕಟ್ಟಿಕೊಂಡೇ ಓಡಿಬಂದು ಇಣುಕಿದ. ಸುಗುಣಾವತಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಲಗಡೆಯ ಚಾರ್ಟಿನ ಮುಂದೆ ಯಾರಾದರೂ ತಲೆಯಾಡಿಸಿದರೆ ಅವಳು ಮನಸ್ಸಿನಲ್ಲೇ ಒಂದು, ಎರಡು ಅಂತ ಎಣಿಸುತ್ತಿದ್ದಳು. ನಲವತ್ತರವರೆಗೆ ಎಣಿಸಿದ್ದಳು.

ಹನ್ನೆರಡಕ್ಕೆ ತೀರ್ಪುಗಾರರು ಬಂದರು. ಪಟ್ಟಾಭಿರಾಮ ಮೇಷ್ಟ್ರು ಅಂದರೆ ತುಮಕೂರಿನಲ್ಲಿ ಗೊತ್ತಿಲ್ಲದವರಿಲ್ಲ, ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ರಿಟೈರಾದವರು. ಹಣೆಯಲ್ಲಿ ನಾಮ, ಕೈಯಲ್ಲಿ ಛತ್ರಿ. ಯಾವ ಸಭೆಗೂ ಸೇರದವರಾದರೆ ಯಾವ ಕಡೆಗೂ ವಾಲುವುದಿಲ್ಲ ಅಂತ ಅಯ್ಯನವರೇ ಕರೆಸಿದ್ದರು. ಅವರು ಕಾಯಿ ಸಿಪ್ಪೆಯ ಕಲ್ಲುಮೀನಿನ ಮುಂದೆ ಬಗ್ಗಿ ಸೂಜಿಗಳನ್ನು ಎಣಿಸಿದರು.

"ಹದಿಮೂರು. ಸರಿಯಾಗಿದೆ. ನನ್ನ ಡಿಗ್ರಿ ಹುಡುಗರು ಹನ್ನೆರಡು ಬರೀತಿದ್ರು," ಅಂದರು. ಯಶಸ್ವಿನಿ ಉಬ್ಬಿಹೋದಳು.

ಆಮೇಲೆ ಎಡಗಡೆ ಚಾರ್ಟು ಓದಿದರು. ಬಲಗಡೆಯದು ಓದಿದರು. ಹೊರಡುತ್ತಾರೆ ಅಂದುಕೊಂಡರೆ ಮತ್ತೆ ಎಡಗಡೆಗೆ ಬಂದರು.

"ಎರಡೂ ನೀವೇ ಬರೆದದ್ದೇನಮ್ಮ?"

"ಅಕ್ಷರ ನಮ್ಮ ಯಜಮಾನ್ರದು ಸರ್. ಬರೆಸಿದ್ದು ನಾನು."

"ಹಾಗಾದ್ರೆ ನೀವೇ ಹೇಳ್ಬೇಕು. ಈ ಕಡೆ, ಇಷ್ಟು ನಾಜೂಕಿನ ಮುಳ್ಳು ದೇವರೇ ಮಾಡಿರ್ಬೇಕು ಅಂತೀರಿ. ಆ ಕಡೆ, ವಿಷ ಅವನದಲ್ಲ ಅಂತೀರಿ. ಮುಳ್ಳಿನುದ್ದಕ್ಕೂ ಕಾಲುವೆ ಇದೆಯಲ್ಲ ತಾಯಿ. ಕಾಲುವೆ ತೋಡಿದವನು ನೀರು ಹರೀಲಿ ಅಂತಾನೇ ತೋಡಿರ್ತಾನಲ್ವೆ?"

ಅಯ್ಯನವರು ಮುಂದೆ ಬಂದು, "ಮೂಲದಲ್ಲಿ ಆ ಕಾಲುವೆ ಬೇರೆ ಯಾವುದಕ್ಕೋ ಇತ್ತು, ಆಮೇಲೆ ಹೀಗಾಯ್ತು ಅಂತ ನಮ್ಮ ಪಂಡಿತರು ಹೇಳ್ತಾರೆ ಸರ್," ಅಂದರು.

"ಇರಬಹುದು ಸ್ವಾಮಿ. ನಾನು ಕೊಂಕು ತೆಗೀತಿಲ್ಲ. ಅರವತ್ತೆಂಟು ವರ್ಷ ಆಯ್ತು, ನನಗೂ ಬಗೆಹರಿದಿಲ್ಲ. ಗೊತ್ತಿದ್ದೋರು ಹೇಳಿದ್ರೆ ತಿಳ್ಕೊಂಡು ಹೋಗೋಣ ಅಂತ."

ಮೇಷ್ಟ್ರ ಮಾತಿನಲ್ಲಿ ನಿಜವಾಗಿಯೂ ಕೊಂಕಿರಲಿಲ್ಲ. ಅದೇ ಕಷ್ಟವಾಯಿತು. ಕೊಂಕಿದ್ದರೆ ಸುಗುಣಾವತಿ ಸುಮ್ಮನೆ ಬಿಡುವ ಹೆಂಗಸಲ್ಲ. ಇಪ್ಪತ್ತೇಳನೇ ಪುಟದ ಉತ್ತರ ಅವಳಿಗೆ ಬಾಯಿಪಾಠ ಇತ್ತು. ಆದರೆ ಎಂಟು ವರ್ಷ ಯಾವುದನ್ನು ಕೇಳಲು ಹೆದರಿದ್ದಳೋ ಅದನ್ನೇ ಇನ್ನೊಬ್ಬರು, ನಡುಹಗಲಲ್ಲಿ, ಮಕ್ಕಳ ಮುಂದೆ ಕೇಳಿಬಿಟ್ಟಿದ್ದರು.

ಅವಳು ಬಕೇಟಿನ ಹತ್ತಿರ ಹೋದಳು.

"ಎತ್ತಿ ತೋರಿಸಿ ಚಿಕ್ಕಬೋರಯ್ಯ."

ಅವನು ಒಂದು ಕ್ಷಣ ಅವಳ ಮುಖ ನೋಡಿ ಬಕೇಟಿನೊಳಗೆ ಕೈ ಇಳಿಬಿಟ್ಟ. ಗೇಣುದ್ದದ ಕಪ್ಪು ಮೀನು, ಮೀಸೆ ಬಿಟ್ಟುಕೊಂಡದ್ದು, ಅವನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಂತು. ತಲೆಯ ಹಿಂದೆ ಎರಡೂ ಕಡೆ ಮುಳ್ಳುಗಳು ಚಾಚಿಕೊಂಡವು. ಸುಗುಣಾವತಿ ಬೆಳಗಿನಿಂದ ಅದನ್ನು ಮಕ್ಕಳಿಗೆ ತೋರಿಸಿದ್ದಳೇ ಹೊರತು ತಾನು ನೋಡಿರಲಿಲ್ಲ. ಈಗ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ನೋಡಿ ಅಕ್ಕಯ್ಯ," ಅಂದ ಚಿಕ್ಕಬೋರಯ್ಯ. "ಮಡಚ್ಕಂಡ್ರೆ ಮೈಗೇ ಅಂಟ್ಕಂತದೆ, ಇದೆ ಅಂತ್ಲೇ ಗೊತ್ತಾಗಕಿಲ್ಲ. ಬಿಚ್ಚುದ್ರೆ ಚಿಲಕ ಹಾಕ್ದಂಗೆ ನಿಂತ್ಕತದೆ. ಆಮೇಲೆ ಮುರೀಬೇಕೇ ಹೊರ್ತು ಮಡಚಕ್ಕಾಗಕಿಲ್ಲ. ಕಂಡ್ಕಂಡ ಜೀವ ಎಲ್ಲಾ ಇದ್ನ ನುಂಗಕ್ಕೆ ಬತ್ತವೆ, ಓಡಕ್ಕೆ ಕಾಲಿಲ್ಲ, ಕೂಗಕ್ಕೆ ಗಂಟಲಿಲ್ಲ. ಮಾಡ್ದೋನು ಅರೆಮನಸಲ್ಲಿ ಮಾಡಿಲ್ಲ ಬುಡಿ."

ಅರೆಮನಸ್ಸಿನ ಕೆಲಸವಲ್ಲ. ಅದು ಅವಳಿಗೂ ಕಂಡಿತು. ಇದು ಕೆಟ್ಟುಹೋದ ವಸ್ತುವಿನ ಹಾಗಿರಲಿಲ್ಲ. ತೀಡಿ, ಉಜ್ಜಿ, ಅಳತೆ ನೋಡಿ ಕೂರಿಸಿದ ಹಾಗಿತ್ತು. ಎಡಗಡೆಯ ಚಾರ್ಟು ನಿಜವಾದರೆ ಬಲಗಡೆಯದು ಸುಳ್ಳು. ಅವಳು ಹೆದರಿಕೆ ಬರಲಿ ಅಂತ ಕಾದಳು. ಬರಲಿಲ್ಲ. ಅದರ ಬದಲು ಬೆಳಗಿನಿಂದ ಇದ್ದ ಸಂಭ್ರಮಕ್ಕಿಂತ ದೊಡ್ಡದೇನೋ ಮೈಯೆಲ್ಲ ಹತ್ತಿಕೊಂಡಿತು. ಪಾಪ ಮಾಡಿದ್ದು ಅಂದರೆ ಪಾಪವನ್ನು ಕರೆದು ಕೇಳುವುದೆಲ್ಲಿ? ಪಾಪಕ್ಕೆ ಕಿವಿಯಿಲ್ಲ. ಮಾಡಿದವನಿಗೆ ಇದೆ. ಇಷ್ಟು ವರ್ಷ ದೂರು ಕೊಡಲು ಯಾವ ಬಾಗಿಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಅಲೆದವಳಿಗೆ ಇವತ್ತು ಮನೆ ಸಿಕ್ಕಿತ್ತು.

ಅವಳು ಸೀದಾ ಹೋಗಿ ಬಲಗಡೆಯ ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು ಕಿತ್ತಳು.

"ಮಿಸ್, ನಂಗೆ ಅದೆಲ್ಲಾ ಬಾಯಿಪಾಠ ಆಗಿತ್ತು," ಅಂದಳು ಅಪೇಕ್ಷಾ, ಅಳುವ ದನಿಯಲ್ಲಿ.

"ಮರೆತುಬಿಡು ಮರಿ. ಮಿಸ್ ತಪ್ಪು ಹೇಳ್ಕೊಟ್ಟಿದ್ದೆ." ಸುಗುಣಾವತಿ ಮೇಷ್ಟ್ರ ಕಡೆ ತಿರುಗಿದಳು. ದನಿ ಗಟ್ಟಿಯಾಗಿತ್ತು. "ಮಾಡಿದ್ದು ಅವನೇ ಸರ್. ಮುಳ್ಳೂ ಅವನದೇ, ಅದರೊಳಗಿರೋದೂ ಅವನದೇ. ಚೇಳನ್ನು ಮಾಡಿದ್ದೂ ಅವನೇ. ನನ್ನ ಮಗ ಸುಜಿತ್ ಚೇಳು ಕಡಿದು ಹೋದ. ನಾಲ್ಕು ವರ್ಷ ಅವನಿಗೆ."

ಆ ಎರಡು ಹೆಸರನ್ನು ಎಂಟು ವರ್ಷದ ಮೇಲೆ ಅವಳ ಬಾಯಲ್ಲಿ ಕೇಳಿ, ಜನರ ಹಿಂದೆ ನಿಂತಿದ್ದ ಜಯಪಾಲ ಶಾಮಿಯಾನದ ಕಂಬ ಹಿಡಿದುಕೊಂಡ. ಮೇಷ್ಟ್ರು ಕನ್ನಡಕ ತೆಗೆದು ಕೈಮುಗಿದರು. "ಗೊತ್ತಿರಲಿಲ್ಲ ತಾಯಿ," ಅಂದರು.

"ನೀವು ಕೇಳಿದ್ದು ಒಳ್ಳೇದಾಯ್ತು ಸರ್."

ಅವಳು ಚರ್ಚಿನ ಬಾಗಿಲ ಕಡೆ ಹೊರಟಳು. ಅಯ್ಯನವರು ಗಾಬರಿಯಿಂದ ಅಡ್ಡ ಬಂದರು.

"ಸುಗುಣಮ್ಮ, ದುಃಖದಲ್ಲಿ ದೇವರನ್ನ ಬಿಟ್ಟುಬಿಡಬಾರದಮ್ಮ."

"ಬಿಡ್ತಿಲ್ಲ ಅಯ್ಯನೋರೆ. ಕೇಳಕ್ಕೆ ಹೋಗ್ತಿದೀನಿ."

ಅಯ್ಯನವರು ದಾರಿ ಬಿಟ್ಟರು.

ಒಳಗೆ ಯಾರೂ ಇರಲಿಲ್ಲ. ಅವಳು ಮುಂದಿನ ಬೆಂಚಿನಲ್ಲಿ ಕೂತಳು. ಮೊಣಕಾಲೂರಲಿಲ್ಲ, ಕಣ್ಣು ಮುಚ್ಚಲಿಲ್ಲ, ಸೆರಗು ತಲೆಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋದವಳ ಹಾಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಿದ್ದಳು.

"ನೀನೇ ತಾನೆ ಮಾಡಿದ್ದು," ಅಂದಳು. ಖಾಲಿ ಚರ್ಚಿನಲ್ಲಿ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನಾನೇ ನಿನ್ನ ಕಡೆ ವಕಾಲತ್ತು ಹಾಕ್ಕೊಂಡು ತಿರುಗ್ತಿದ್ದೆ, ಅವನಲ್ಲ, ಅವನಲ್ಲ ಅಂತ. ನೀನೂ ಸುಮ್ಮನೆ ಕೇಳ್ಕೊಂಡಿದ್ದೆ. ಮೀನಿಗೆ ಬೇಕು, ಒಪ್ಪಿದೆ. ಅದರ ಹೊಟ್ಟೆಪಾಡು ಅದಕ್ಕೆ. ನನ್ನ ಮಗ ಚೆಂಡು ತರಕ್ಕೆ ಹೋಗಿದ್ದ. ಅವನ ಕೈ ಎಷ್ಟಿತ್ತು ಗೊತ್ತಾ ನಿನಗೆ? ಅದನ್ನೂ ನೀನೇ ಮಾಡಿದ್ದಲ್ವಾ? ಅದನ್ನೇನು ಅರೆಮನಸ್ಸಲ್ಲಿ ಮಾಡಿದ್ಯಾ? ಹೇಳು. ನಾನೆಲ್ಲೂ ಹೋಗಲ್ಲ, ಇಲ್ಲೇ ಕೂತಿರ್ತೀನಿ."

ಉತ್ತರ ಬರಲಿಲ್ಲ. ಆದರೆ ಕೇಳುತ್ತಿರುವವನು ಇದ್ದಾನೆ ಎಂಬುದರಲ್ಲಿ ಅವಳಿಗೆ ಎಂಟು ವರ್ಷದಲ್ಲಿ ಮೊದಲ ಸಲ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇಲ್ಲದವನ ಮೇಲೆ ಇಷ್ಟು ಸಿಟ್ಟು ಬರುವುದಿಲ್ಲ. ಅವಳು ಉಸಿರು ಎಳೆದುಕೊಂಡು, ಸುಜಿತ್ ಹುಟ್ಟಿದ ದಿನದಿಂದ ಹಿಡಿದು ಹೇಳಲು ಶುರುಮಾಡಿದಳು. ಒಂದನ್ನೂ ಬಿಡಬಾರದು ಅಂತ ಅವಸರ ಅವಸರವಾಗಿ ಹೇಳಿದಳು.

ಹೊರಗೆ ಮೈಕಿನಲ್ಲಿ ಶೀಲ್ಡು ಗುಬ್ಬಿಯವರಿಗೆ ಅಂತ ಕೂಗಿದ್ದು ಅವಳ ಕಿವಿಗೆ ಬೀಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿ ತಿರುಗಿದಾಗ ಜಯಪಾಲ ನಿಂತಿದ್ದ. ಕಣ್ಣು ಕೆಂಪಗಾಗಿತ್ತು.

"ಬರೀವಾಗ್ಲೇ ನಂಗೆ ಎರಡು ಚಾರ್ಟೂ ಹೊಂದಲ್ಲ ಅನ್ನಿಸ್ತು," ಅಂದ. "ನೀನು ನಗ್ತಾ ಓಡಾಡ್ತಿದ್ಯಲ್ಲ. ಅದಕ್ಕೆ ಸುಮ್ನಿದ್ದೆ."

"ರೀ, ಸುಜಿತ್ ಮೊದಲು ಏನಂತ ಮಾತಾಡಿದ್ದು? ಅಪ್ಪ ಅಂತಲಾ, ಅಮ್ಮ ಅಂತಲಾ? ಇಲ್ಲಿ ಹೇಳ್ತಾ ಹೇಳ್ತಾ ಮರೆತೋಯ್ತು ನಂಗೆ."

"ಅಪ್ಪ ಅಂತ." ಜಯಪಾಲ ಬೆಂಚಿನ ಹತ್ತಿರ ಬಂದ. "ಸರ್ಕೊ. ನಂಗೂ ಕೇಳೋದಿದೆ."

ಸುಗುಣಾವತಿ ಸರಿದು ಅವನಿಗೆ ಜಾಗ ಕೊಟ್ಟಳು.